ಗೋಡೆಯ ಮೇಲಿನ ಕಪ್ಪು ಬೊಟ್ಟು

ತಲೆಯ ಮೇಲೆ ಒಂದೇ ಒಂದು ಕೂದಲಿಲ್ಲದ ಮನುಷ್ಯನನ್ನು ಊರೆಲ್ಲ ‘ಕೂದಲೆಳೆ’ ಎಂದು ಕರೆಯುತ್ತಿತ್ತು. ಬೋಳುತಲೆಯನ್ನು ಗೇಲಿ ಮಾಡಲು ಇಟ್ಟ ಹೆಸರಲ್ಲ; ಹೆಸರು ಬಿದ್ದಾಗ ತಲೆ ತುಂಬ ಕೂದಲಿತ್ತು. ಅವನದು ಕೋವಿ ರಿಪೇರಿಯ ಕಸುಬು. ಯಾರು ಯಾವ ಕೋವಿ ತಂದರೂ ಒಂದು ಕಣ್ಣು ಮುಚ್ಚಿ ನೋಡಿ, “ಕೂದಲೆಳೆಯಷ್ಟು ಎಡಕ್ಕಿದೆ” ಅನ್ನುತ್ತಿದ್ದ, ಇಲ್ಲವೆ “ಕೂದಲೆಳೆಯಷ್ಟು ಕೆಳಗಿದೆ” ಅನ್ನುತ್ತಿದ್ದ. ಸರಿಯಾಗಿದೆ ಎಂದು ಅವನ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಮನೆಯಲ್ಲೂ ಅದೇ ಕಾಟ. ಹೆಂಡತಿ ಗೋಡೆಗೊಂದು ಕನ್ನಡಿ ತೂಗುಹಾಕಿದರೆ ರಸಮಟ್ಟ ತಂದು ಅದರ ನೆತ್ತಿಯ ಮೇಲಿಟ್ಟು, ಗುಳ್ಳೆ ನಡುವೆ ನಿಲ್ಲುವ ತನಕ ಬಿಡುತ್ತಿರಲಿಲ್ಲ. “ಮುಖವೇ ಸೊಟ್ಟಗಿರೋವಾಗ ಕನ್ನಡಿ ನೆಟ್ಟಗಿದ್ದು ಏನು ಬಂತು ರೀ?” ಎಂದು ಅವಳು ಕೇಳಿದರೆ ಅದಕ್ಕೂ ಅವನಿಗೆ ನಗು ಬರುತ್ತಿರಲಿಲ್ಲ.

ಕಸುಬು ಬಂದದ್ದು ಮಾವನಿಂದ. ಮಾವನಿಗೆ ಗಂಡುಮಕ್ಕಳಿರಲಿಲ್ಲ. ಇದ್ದೊಬ್ಬ ಮಗಳನ್ನೂ ಇದ್ದೊಂದು ಅಂಗಡಿಯನ್ನೂ ಒಟ್ಟಿಗೇ ಅಳಿಯನ ಕೈಗಿಟ್ಟು, ಮೊದಲ ದಿನವೇ ಎರಡು ಮಾತು ಹೇಳಿದ್ದರು. ಒಂದು, ಖಾಲಿ ಕೋವಿಯನ್ನೂ ತುಂಬಿದ ಕೋವಿ ಅಂತಲೇ ತಿಳಿ. ಅದರ ಬಾಯಿ ಯಾವತ್ತೂ ಮನುಷ್ಯರ ಕಡೆ ತಿರುಗಕೂಡದು. ಎರಡು, ಕೋವಿಯನ್ನು ಬೆಂಚಿನ ಮೇಲಿಟ್ಟ ಕೂಡಲೇ ನಳಿಗೆಯ ಹಿಂದೆ ಕೂತು ಗುಂಡು ಸಿಡಿಸುವ ಬೋಲ್ಟು ಕಳಚಿ ಜೇಬಿಗೆ ಹಾಕಿಕೋ. ಬೋಲ್ಟಿಲ್ಲದ ಕೋವಿ ಬರೀ ಕೊಳವೆ, ಅದರಿಂದ ಇರುವೆಯೂ ಸಾಯುವುದಿಲ್ಲ.

ಈ ಎರಡು ಮಾತನ್ನು ಕೂದಲೆಳೆ ಮೂವತ್ತೆಂಟು ವರ್ಷ ತಲೆಯ ಮೇಲೆ ಹೊತ್ತು ನಡೆದ. ಒಮ್ಮೆ ಅವನ ಸ್ವಂತ ತಮ್ಮ ಅಂಗಡಿಗೆ ಬಂದು, ತಮಾಷೆಗೆಂದು ಖಾಲಿ ಕೋವಿಯೆತ್ತಿ ಬೆಕ್ಕಿಗೆ ಗುರಿ ಹಿಡಿದ. ಬೆಕ್ಕಿನ ಆಚೆ ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಕೂದಲೆಳೆ ತಮ್ಮನ ಕೆನ್ನೆಗೆ ಬಾರಿಸಿದ್ದು ಬೀದಿಯ ಆಚೆ ಬದಿಗೆ ಕೇಳಿಸಿತಂತೆ. ಅಣ್ಣತಮ್ಮಂದಿರಿಗೆ ಆರು ವರ್ಷ ಮಾತಿರಲಿಲ್ಲ. ಅದರ ಬಗ್ಗೆ ಅವನಿಗೆ ಪಶ್ಚಾತ್ತಾಪವೂ ಇರಲಿಲ್ಲ, ಬದಲಿಗೆ ಒಂದು ಜಂಬವೇ ಇತ್ತು. ತನ್ನ ಕೈಯಲ್ಲಿದ್ದ ಕೋವಿ ಇಷ್ಟು ವರ್ಷದಲ್ಲಿ ಒಬ್ಬ ಮನುಷ್ಯನ ಕಡೆಗೂ ತಿರುಗಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದ. ದೊಡ್ಡ ಮಾತು ಆಡಬಾರದು ಅನ್ನುವುದು ಇದಕ್ಕೇ.

ಮುಂದಿನ ಕೋಣೆ ಬೀದಿಗೆ ತೆರೆದದ್ದು, ಅಲ್ಲಿ ಹೆಂಡತಿ ಎಣ್ಣೆ ಸೀಸೆ, ನಳಿಗೆ ಉಜ್ಜುವ ಕುಂಚ, ತೊಗಲಿನ ಪಟ್ಟಿ ಮಾರುತ್ತಿದ್ದಳು. ಹಿಂದಿನ ಕೋಣೆ ಇವನದು. ಒಂದೇ ಕಿಟಕಿ, ಅದರ ಕೆಳಗೆ ಉದ್ದನೆಯ ಬೆಂಚು, ಬೆಂಚಿಗೆ ಬಿಗಿದ, ಕೋವಿ ಕಚ್ಚಿ ಹಿಡಿಯುವ ವೈಸ್. ಕೋವಿಯ ಮರಕ್ಕೆ ಗಾಯವಾಗದಿರಲೆಂದು ವೈಸಿನ ದವಡೆಗಳಿಗೆ ಮಾವನ ಹಳೆಯ ಉಣ್ಣೆಯ ಟೋಪಿಯನ್ನು ಕತ್ತರಿಸಿ ಅಂಟಿಸಿತ್ತು. ಕಿಟಕಿಯಾಚೆ ಕಳೆ ಬೆಳೆದ ಹಳ್ಳ. ಹಳ್ಳದ ಆಚೆ, ನೂರಿಪ್ಪತ್ತು ಹೆಜ್ಜೆ ದೂರದಲ್ಲಿ, ನಾಲ್ಕಂತಸ್ತಿನ ಹಳೆಯ ತೊಗಲು ಗೋದಾಮಿನ ಹಿಂಗೋಡೆ. ಕಿಟಕಿಯಿಲ್ಲ, ಬಾಗಿಲಿಲ್ಲ, ಬೋಳು ಗೋಡೆ. ಅದರ ನೆತ್ತಿಯ ಹತ್ತಿರ ತಟ್ಟೆಯಗಲದ ಒಂದು ಕಪ್ಪು ಬೊಟ್ಟು. ಹಳೆಯ ಹೊಗೆಕೊಳವೆ ಕಿತ್ತು ಟಾರು ಬಳಿದ ಜಾಗ ಎಂದು ಮಾವ ಹೇಳಿದ್ದರು. ಅವರ ಕಾಲದಿಂದಲೂ ಆ ಬೊಟ್ಟೇ ಅಂಗಡಿಯ ಗುರುತು.

ಗುರುತು ಯಾಕೆಂದರೆ, ಕೋವಿಯ ನೋಟವನ್ನು ನಳಿಗೆಗೆ ಹೊಂದಿಸುವ ಕ್ರಮವೇ ಹಾಗೆ. ಬೋಲ್ಟು ಕಳಚಿದ ಕೋವಿಯನ್ನು ವೈಸಿನಲ್ಲಿ ಬಿಗಿದು, ಹಿಂದಿನಿಂದ ನಳಿಗೆಯೊಳಗೇ ಕಣ್ಣಿಟ್ಟು ನೋಡಬೇಕು. ತುದಿಯಲ್ಲಿ ಕಾಣುವ ಬೆಳಕಿನ ಬಿಲ್ಲೆಯ ನಟ್ಟನಡುವೆ ಆ ಬೊಟ್ಟು ಕೂರಬೇಕು. ಆಮೇಲೆ ಕೋವಿ ಅಲುಗದಂತೆ ತಲೆಯೆತ್ತಿ, ನಳಿಗೆಯ ಮೇಲಿನ ಹಿಂದಿನ ಕಚ್ಚಿನಲ್ಲಿ ಮುಂದಿನ ಕಬ್ಬಿಣದ ಕಾಳನ್ನಿಟ್ಟು ನೋಡಿದರೆ, ಅದೂ ಅದೇ ಬೊಟ್ಟಿನ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಹಿತ್ತಾಳೆ ಸುತ್ತಿಗೆಯಿಂದ ಕೂದಲೆಳೆಯಷ್ಟು ತಟ್ಟಬೇಕು. ದಿನಕ್ಕೆ ಒಂದು ಸಲವಾದರೂ, ಕೆಲಸ ಹೆಚ್ಚಿದ್ದ ದಿನ ಹತ್ತು ಸಲವಾದರೂ, ಒಂದು ನಳಿಗೆ ಆ ಕಿಟಕಿಯಿಂದ ಮೂತಿ ಹೊರಗೆ ಹಾಕಿ ಆ ಗೋಡೆಯನ್ನು ನೋಡುತ್ತಿತ್ತು.

ದುರ್ಬೀನು ಕಟ್ಟಿದ ಕೋವಿ ಅವನಿಗೆ ಆಗುತ್ತಿರಲಿಲ್ಲ. ಗಾಜಿನೊಳಗೆ ಇಣುಕಿ ಗುರಿಯಿಡುವುದು ಬೀಗದ ತೂತಿನಲ್ಲಿ ಕಂಡವರ ಮನೆ ನೋಡಿದ ಹಾಗೆ ಎನ್ನುತ್ತಿದ್ದ. ಆದರೆ ಬೀದಿಯ ಬೇಕರಿಯವನು ಒಂದು ಮಧ್ಯಾಹ್ನ ತನ್ನ ಅಪ್ಪನ ಕಾಲದ ಬೇಟೆಯ ಕೋವಿಯನ್ನೂ, ಅಳಿಯ ಪೇಟೆಯಿಂದ ಕಳಿಸಿದ ಒಂದು ಉದ್ದ ಡಬ್ಬಿಯನ್ನೂ ತಂದು ಬೆಂಚಿನ ಮೇಲಿಟ್ಟ.

“ಇದಕ್ಕೆ ಇದನ್ನ ಕೂರಿಸಿಕೊಡು ಮಾರಾಯ.”

“ನಿಮ್ಮಪ್ಪ ಈ ಕಬ್ಬಿಣದ ಕಾಳಲ್ಲೇ ಹಂದಿ ಹೊಡೀತಿದ್ರು.”

“ನಮ್ಮಪ್ಪನಿಗೆ ಕಣ್ಣಿತ್ತು. ನನಗೆ ಕಾಳು ನೋಡಿದ್ರೆ ಹಂದಿ ಕಾಣಲ್ಲ, ಹಂದಿ ನೋಡಿದ್ರೆ ಕಾಳು ಕಾಣಲ್ಲ. ಹೋದ ವರ್ಷ ಗುರಿಯಿಟ್ಟು ಟ್ರಿಗರ್ ಒತ್ತೋ ಹೊತ್ತಿಗೆ ಅದು ಎದ್ದು ನಿಂತು ಕೊಡೆ ಬಿಚ್ಚಿತು! ಅಂಚೆಯವನ ಹೆಂಡತಿ, ಗೊತ್ತಾ? ಕೈ ನಡುಗಿ ತಪ್ಪಿತು, ಅವಳ ಪುಣ್ಯ.”

ಇಷ್ಟು ಕೇಳಿದ ಮೇಲೆ ಒಲ್ಲೆ ಅನ್ನಲಾಗಲಿಲ್ಲ. ಮುಂದಿನ ಕೋಣೆಯಿಂದ ಹೆಂಡತಿಯೂ ಕೂಗಿದಳು: “ಮಾಡಿಕೊಡ್ರೀ. ಹಠ ಮಾಡೋಕೆ ಅವರ ಕಣ್ಣೇನು ನಿಮ್ಮ ಕಣ್ಣಾ?”

ಒಪ್ಪಿಕೊಂಡ ಕೆಲಸವನ್ನು ಅವನು ಅರೆಮನಸ್ಸಿನಿಂದ ಮಾಡುವವನಲ್ಲ. ಬೋಲ್ಟು ಕಳಚಿ ಜೇಬಿಗೆ ಹಾಕಿದ. ಹಿಂದಿನ ಕಚ್ಚು ದುರ್ಬೀನಿಗೆ ಅಡ್ಡ ಬರುತ್ತದೆಂದು ಹಿತ್ತಾಳೆ ಉಳಿಯಿಂದ ತಟ್ಟಿ ತೆಗೆದು, ಬೆಂಕಿಪೆಟ್ಟಿಗೆಯಲ್ಲಿಟ್ಟು, ಬೇಕರಿಯವನದು ಎಂದು ಬರೆದ. ಕೋವಿಯ ಬೆನ್ನಿನಲ್ಲಿ ನಾಲ್ಕು ತೂತು ಕೊರೆದು ಥ್ರೆಡ್ ಹಾಕಲು ಎರಡು ದಿನ ಹಿಡಿಯಿತು. ಅಷ್ಟು ಗಟ್ಟಿ ಉಕ್ಕು. ಅಡಿಪಟ್ಟಿ ಬಿಗಿದು, ಮೇಲೆ ಎರಡು ಬಳೆ ಕೂರಿಸಿ, ಬಳೆಯೊಳಗೆ ದುರ್ಬೀನನ್ನು ಮಲಗಿಸಿದ. ಬಳೆ ಎತ್ತರವಾದರೆ ಕೋಳಿ ನೀರು ಕುಡಿದ ಹಾಗೆ ಕತ್ತೆತ್ತಿ ನೋಡಬೇಕಾಗುತ್ತದೆ, ಕಣ್ಣಿಗೆ ತೀರ ಹತ್ತಿರವಾದರೆ ಕೋವಿ ಒದ್ದಾಗ ಹುಬ್ಬು ಸೀಳುತ್ತದೆ. ನಾಲ್ಕು ಬೆರಳು ಅಳೆದು ನಿಲ್ಲಿಸಿದ. ಗಾಜಿನೊಳಗೆ ಒಂದನ್ನೊಂದು ಕತ್ತರಿಸುವ ಕೂಡುಗೆರೆ ಸೊಟ್ಟಗಿರಬಾರದೆಂದು ರಸಮಟ್ಟ ಇಟ್ಟು ನೋಡಿದ. ಮೂರನೆಯ ದಿನ ಮಧ್ಯಾಹ್ನ ನಾಲ್ಕರ ಸುಮಾರಿಗೆ, ಬಿಸಿಲು ಹಿಂಗೋಡೆಯ ಮೇಲೆ ನೇರವಾಗಿ ಬೀಳುವ ಹೊತ್ತಿಗೆ, ನಳಿಗೆಯೊಳಗೆ ಕಣ್ಣಿಟ್ಟು ಬೊಟ್ಟನ್ನು ನಡುವಿಗೆ ತಂದ. ಆಮೇಲೆ ತಲೆಯೆತ್ತಿ ದುರ್ಬೀನಿನಲ್ಲಿ ನೋಡಿದ.

ಬೊಟ್ಟಿನೊಳಗೆ ಒಂದು ಮುಖವಿತ್ತು.

ಗಾಜಿನ ಮೇಲೆ ಏನೋ ಕೂತಿದೆಯೆಂದು ಬಟ್ಟೆಯಿಂದ ಒರೆಸಿದ. ಮತ್ತೆ ನೋಡಿದ. ಅದು ಟಾರು ಬಳಿದ ಜಾಗವಲ್ಲ, ಬೆಳಕಿಂಡಿ. ಗೋಡೆಯಲ್ಲಿ ಕೊರೆದ ದುಂಡನೆಯ ತೂತು, ಅಂಚಿಗೆ ಮಾತ್ರ ಟಾರು. ಒಳಗೆ ಒಬ್ಬ ಮುದುಕಿ ನೆಟ್ಟಗೆ ಕೂತಿದ್ದಳು. ಬಿಳಿಯ ಕೂದಲನ್ನು ಒಪ್ಪವಾಗಿ ಬಾಚಿ ಹಿಂದಕ್ಕೆ ಕಟ್ಟಿದ್ದಳು. ಗಲ್ಲ ಮೇಲಕ್ಕೆತ್ತಿ, ಎರಡೂ ಕಣ್ಣು ಮುಚ್ಚಿದ್ದಳು, ತುಟಿಗಳು ಮಾತ್ರ ಏನನ್ನೋ ಎಣಿಸುವಂತೆ ಅಲುಗುತ್ತಿದ್ದವು. ಕೂಡುಗೆರೆ ಅವಳ ಹುಬ್ಬುಗಳ ನಡುವೆ ಸರಿಯಾಗಿ ನಿಂತಿತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಅವನು ಹಾವು ತುಳಿದವನ ಹಾಗೆ ಹಿಂದಕ್ಕೆ ಹಾರಿದ. ಕೈಗೆ ಸಿಕ್ಕ ಗೋಣಿಯನ್ನು ಕೋವಿಯ ಮೇಲೆಸೆದು, ವೈಸ್ ಸಡಿಲಿಸಿ, ನಳಿಗೆಯನ್ನು ನೆಲದ ಕಡೆಗೆ ತಿರುಗಿಸಿದ. ಬರಿಗಣ್ಣಿಗೆ ಗೋಡೆಯ ಮೇಲೆ ಅದೇ ಹಳೆಯ ಕಪ್ಪು ಬೊಟ್ಟು. ಮೂವತ್ತೆಂಟು ವರ್ಷದಿಂದ ಹೇಗಿತ್ತೋ ಹಾಗೆಯೇ ಇತ್ತು.

ಬಳೆಯ ಸ್ಕ್ರೂ ಬಿಚ್ಚಿ ದುರ್ಬೀನನ್ನು ಮಾತ್ರ ಕೈಯಲ್ಲಿ ಹಿಡಿದು ನೋಡಿದ. ಬೆಳಕಿಂಡಿಯಲ್ಲಿ ಯಾರೂ ಇಲ್ಲ, ಬರೀ ಕತ್ತಲು. ಹತ್ತು ನಿಮಿಷ ಕಾದ. ಯಾರೂ ಬರಲಿಲ್ಲ. ನಿಟ್ಟುಸಿರು ಬಿಟ್ಟು, ವಯಸ್ಸಾಯಿತು, ಕಣ್ಣು ಆಟ ಆಡಿತು ಎಂದುಕೊಂಡ. ಆದರೂ ಅಳತೆಯ ಮನುಷ್ಯ, ಅನುಮಾನ ಬಿಟ್ಟು ಮಲಗುವವನಲ್ಲ. ಮೂಲೆಯಲ್ಲಿದ್ದ ತುಕ್ಕು ಹಿಡಿದ ನೀರಿನ ಪೈಪೊಂದನ್ನು ತಂದು, ತುದಿ ಕಿಟಕಿಯಾಚೆ ಗೇಣಷ್ಟು ಚಾಚುವಂತೆ ಬೆಂಚಿನ ಮೇಲಿಟ್ಟ. ದುರ್ಬೀನಿಗೆ ಕಣ್ಣಿಟ್ಟು ಎಣಿಸತೊಡಗಿದ.

ಒಂಬತ್ತು ಎಣಿಸುವಷ್ಟರಲ್ಲಿ ಕತ್ತಲೊಳಗಿಂದ ಅವಳು ಬಂದಳು. ಆತುರವಿರಲಿಲ್ಲ. ಕೂತಳು, ಕಿವಿಯ ಹಿಂದೆ ಒಂದು ಎಳೆ ಸರಿಪಡಿಸಿಕೊಂಡಳು, ಗಲ್ಲ ಎತ್ತಿದಳು, ಕಣ್ಣು ಮುಚ್ಚಿದಳು.

ಅವನು ಪೈಪನ್ನು ಒಳಗೆಳೆದುಕೊಂಡ. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ತೆರೆದು, ಶಾಲೆಯಲ್ಲಿ ಹಾಜರಿ ಕೂಗಿದಾಗ ಮಕ್ಕಳು ಮಾಡುವಂತೆ ಸಣ್ಣಗೆ ತಲೆಯಾಡಿಸಿ, ಎದ್ದು ಕತ್ತಲೊಳಕ್ಕೆ ಹೋದಳು.

ಹೆಂಡತಿಯನ್ನು ಕರೆದ. ಕರೆದ ದನಿ ಕೇಳಿಯೇ ಅವಳು ಕೈಯಲ್ಲಿದ್ದ ಸೀಸೆ ಕೆಳಗಿಟ್ಟು ಓಡಿ ಬಂದಳು. ಪೈಪು ಇಡಬೇಕಾಯಿತು, ಮತ್ತೊಮ್ಮೆ. ಹೆಂಡತಿ ನೋಡಿದಳು, ಬಹಳ ಹೊತ್ತು ನೋಡಿದಳು. ಕೋವಿ ಅಂಗಡಿಯಲ್ಲೇ ಹುಟ್ಟಿ ಬೆಳೆದವಳು, ಬೇಗ ಹೆದರುವವಳಲ್ಲ.

“ರೀ, ಇವಳು ದೆವ್ವ ಅಲ್ಲ,” ಅಂದಳು. “ದೆವ್ವ ಆಗಿದ್ರೆ ಎಷ್ಟೋ ಚೆನ್ನಾಗಿತ್ತು. ಎಷ್ಟು ವರ್ಷದಿಂದ ಹೀಗೆ ಬಂದು ಕೂರ್ತಿದ್ದಾಳೋ!”

ಆ ರಾತ್ರಿ ಅವನು ತಮ್ಮನ ಕೆನ್ನೆಗೆ ಬಾರಿಸಿದ್ದ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಮನುಷ್ಯರ ಕಡೆ ಕೋವಿ ತಿರುಗಿಸಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳಿದವನು ದಿನಾ ಅದೇ ಹೆಂಗಸಿನ ಹಣೆಗೆ ಗುರಿಯಿಟ್ಟು ಕೂತಿದ್ದ.

ಮರುದಿನ ಹೊರಟ. ಹಳ್ಳ ಕಣ್ಣೆದುರಿಗೇ ಇದ್ದರೂ ಸೇತುವೆ ಬಳಸಿ ಹೋಗಲು ಮುಕ್ಕಾಲು ಗಂಟೆ ಬೇಕು. ಆ ಕಡೆಯ ಬೀದಿಗೆ ಅವನು ಕಾಲಿಟ್ಟೇ ವರ್ಷಗಳಾಗಿದ್ದವು. ಆ ಗೋಡೆಗೆ ಬೆನ್ನಷ್ಟೇ ಇದೆಯೆಂದು ನಂಬಿದ್ದವನಿಗೆ ಅದರ ಮುಖ ನೋಡಿ ನಾಚಿಕೆಯಾಯಿತು. ಒಣಗಿದ ಬಟ್ಟೆ, ಹೂಕುಂಡ, ಮಕ್ಕಳ ಸೈಕಲ್ಲು. ಗೋದಾಮನ್ನು ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಟ್ಟು ಯಾವ ಕಾಲವಾಗಿತ್ತೋ. ಕೆಳಗೆ ಮನೆಯೊಡತಿ ಕುರ್ಚಿ ಹಾಕಿಕೊಂಡು ಗುಂಡಿ ಹೊಲಿಯುತ್ತಿದ್ದಳು. ಅವನು ತಾನು ಯಾರೆಂದು ಹೇಳಿದ. ಅವಳ ಸೂಜಿ ನಿಂತಿತು.

“ಕೋವಿ ಅಂಗಡಿಯವರಾ? ಅಯ್ಯೋ, ಒಂದಿನ ಬರ್ತೀರಿ ಅಂತ ಅನ್ಕೊಂಡಿದ್ದೆ. ತಡ ಮಾಡಿಬಿಟ್ರಿ.”

ಅವಳು ಹೇಳಿದ್ದು ಇಷ್ಟು. ಮೇಲಿನ ಕೋಣೆಯವಳು ಬಂದು ಮೂವತ್ತೊಂದು ವರ್ಷ. ಗಂಡ ಬೇಟೆಗಾರ, ಕುಡಿದರೆ ಕೊಲ್ಲುವವನಂತೆ ಹೊಡೆಯುವವನು. ಓಡಿ ಹೋದರೆ ಹುಡುಕಿ ಬರುತ್ತೇನೆ, ಮೊದಲು ಮಗಳಿಗೆ, ಆಮೇಲೆ ನಿನಗೆ ಎಂದಿದ್ದನಂತೆ. ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಇಷ್ಟು ದೂರ ಓಡಿಬಂದು, ಈ ಕೋಣೆ ಹಿಡಿದು, ಗಾಳಿ ಬರಲೆಂದು ಬೆಳಕಿಂಡಿಗೆ ಹೊಡೆದಿದ್ದ ಟಾರು ಬಳಿದ ಹಲಗೆ ತೆಗೆದಳು. ಎದುರಿನ ಕಿಟಕಿಯಿಂದ ಕೋವಿಯೊಂದು ನೆಟ್ಟಗೆ ಅವಳನ್ನೇ ನೋಡುತ್ತಿತ್ತು.

“ಮಗಳನ್ನ ಆ ವಾರವೇ ತಂಗಿಯ ಊರಿಗೆ ಕಳಿಸಿಬಿಟ್ಳು. ತಾನು ಹೋಗಲಿಲ್ಲ. ನಾನು ಇಲ್ಲಿ ಕಾಣ್ತಾ ಇದ್ರೆ ಅವನು ಇಲ್ಲೇ ಇರ್ತಾನೆ, ನಾನು ಕದಲಿದ್ರೆ ಮಗಳ ಹಿಂದೆ ಹೋಗ್ತಾನೆ ಅಂತ. ಅದು ರಿಪೇರಿ ಅಂಗಡಿ ಕಣೇ ಅಂತ ನಾನು ಬಡ್ಕೊಂಡೆ. ಅಂಗಡಿ ಆದ್ರೆ ಕೋವಿ ಎಲ್ಲಾ ಕಡೆ ತಿರುಗಬೇಕು, ನನ್ನ ಕಡೆಗೇ ಯಾಕೆ ತಿರುಗುತ್ತೆ ಅಂತ ಕೇಳ್ತಾಳೆ. ಏನು ಹೇಳ್ಲಿ?”

“ನಮಗೆ ಒಂದು ಮಾತು ಹೇಳಿ ಕಳಿಸಬಹುದಿತ್ತಲ್ಲ ತಾಯಿ?”

“ಬಾಗಿಲು ಯಾವುದು ಅಂತ ಅವನಿಗೆ ಗೊತ್ತಾಗಬಾರದು ಅಂತ ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಿದ್ಳು. ಮಗಳ ಮದುವೆಗೂ ಹೋಗಲಿಲ್ಲ ಮಹಾನುಭಾವ. ಅವತ್ತು ಇಡೀ ದಿನ ಮೇಲೆ ಕೂತಿದ್ಳು.”

ಮದುವೆಯ ದಿನ ಯಾವುದೋ, ಆ ದಿನ ತಾನು ಯಾರ ಕೋವಿಯ ಕಾಳನ್ನು ತಟ್ಟುತ್ತಿದ್ದೆನೋ ಎಂದು ಯೋಚಿಸುತ್ತ ಅವನು ಮೆಟ್ಟಿಲು ಹತ್ತಿದ. ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ. ಅಮ್ಮಾ, ಅದು ಬರೀ ಗುರುತು. ನೀವಿರುವುದು ನಮಗೆ ಗೊತ್ತೇ ಇರಲಿಲ್ಲ. ಇನ್ನು ಯಾವತ್ತೂ ಆ ಕಡೆ ತಿರುಗಿಸುವುದಿಲ್ಲ. ಸರಳವಾದ ಸತ್ಯ. ಆದರೆ ಪ್ರತಿ ಮೆಟ್ಟಿಲಿಗೂ ಅದು ಭಾರವಾಗುತ್ತ ಹೋಯಿತು. ಮೂವತ್ತೊಂದು ವರ್ಷ ನೀನು ಕೂತದ್ದು ಒಂದು ಟಾರಿನ ಬೊಟ್ಟಿಗಾಗಿ ಎಂದು ಒಬ್ಬ ತಾಯಿಗೆ ಯಾವ ಬಾಯಿಂದ ಹೇಳುವುದು?

ಬಾಗಿಲು ತೆರೆದೇ ಇತ್ತು. ಸಣ್ಣ ಕೋಣೆ, ಗುಡಿಸಿ ಒರೆಸಿ ಇಟ್ಟದ್ದು. ಇಸ್ತ್ರಿ ಮಾಡಿದ ಯಾರದೋ ಅಂಗಿಗಳ ರಾಶಿ. ಬೆಳಕಿಂಡಿಯ ಮುಂದೆ ಕೂತು ಕೂತು ನುಣುಪಾದ ಒಂದು ಸ್ಟೂಲು. ಸ್ಟೂಲಿನ ಹಿಂದೆ ಗೋಡೆಗೆ ಒರಗಿಸಿ ಮೂರು ಹಾಸಿಗೆ, ಅದರ ಹಿಂದೆ ಎರಡು ತಗಡು. ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಗುಂಡು ತನ್ನನ್ನು ದಾಟಿ ಗೋಡೆ ತೂರಿ ಪಕ್ಕದ ಕೋಣೆಗೆ ಹೋಗದಿರಲಿ ಎಂದು ಇಟ್ಟದ್ದು ಅದು. ಆ ಕಡೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಈ ತಗಡು ಬೇಟೆಯ ಕೋವಿಯ ಗುಂಡನ್ನು ತಡೆಯುವುದಿಲ್ಲ ಎಂದು ಕಸುಬಿನ ಬುದ್ಧಿ ತಾನಾಗಿ ಲೆಕ್ಕ ಹಾಕಿತು. ಅಂಥ ಹೊತ್ತಿನಲ್ಲೂ ಲೆಕ್ಕ ಹಾಕಿದ ತನ್ನ ತಲೆಯ ಬಗ್ಗೆ ಅವನಿಗೆ ಹೇಸಿಗೆಯಾಯಿತು.

ಅವಳು ಮೂಲೆಯಿಂದ ತಿರುಗಿ ಅವನನ್ನು ನೋಡಿದಳು. ಕಿರುಚಲಿಲ್ಲ.

“ಬಂದೆಯಾ?” ಅಂದಳು. “ಕೂದಲೆಲ್ಲ ಉದುರಿಹೋಯ್ತು. ಒಂದೊಂದೇ ವರ್ಷ ಕಮ್ಮಿ ಆಗ್ತಾ ಬಂದದ್ದು ನೋಡ್ತಾನೇ ಇದ್ದೆ.”

ಅಷ್ಟು ದೂರದಿಂದ ದಿನಾ ನೋಡಿದ ಇವನ ಮುಖ ಅವಳ ನೆನಪಿನಲ್ಲಿದ್ದ ಗಂಡನ ಮುಖವನ್ನು ಯಾವತ್ತೋ ಅಳಿಸಿ, ಅಲ್ಲಿ ತಾನು ಕೂತುಬಿಟ್ಟಿತ್ತು.

“ಅಮ್ಮಾ, ನಾನು ಅವನಲ್ಲ. ನಾನು ಕೋವಿ ರಿಪೇರಿಯವನು.”

“ಗೊತ್ತು. ಆ ಅಂಗಡಿಯಲ್ಲಿ ಕೆಲಸ ಹಿಡಿದದ್ದು ಗೊತ್ತಿಲ್ವಾ ನನಗೆ? ಮೊದಮೊದಲು ನಿನ್ನ ಜೊತೆಗೊಬ್ಬ ಮುದುಕ ಇದ್ದ. ಆಮೇಲೆ ನೀನೊಬ್ಬನೇ.”

ಅವನು ಜೇಬಿಗೆ ಕೈಹಾಕಿ ಬೇಕರಿಯವನ ಕೋವಿಯ ಬೋಲ್ಟನ್ನು ತೆಗೆದ. ಅಭ್ಯಾಸಬಲದಿಂದ ಅದು ಅವನ ಜೊತೆಗೇ ಬಂದಿತ್ತು. “ನೋಡಿ, ಇದಿಲ್ಲದೆ ಕೋವಿ ಹಾರಲ್ಲ. ಇದು ಯಾವಾಗಲೂ ನನ್ನ ಜೇಬಲ್ಲೇ ಇರ್ತಿತ್ತು. ಒಂದು ದಿನವೂ ನಿಮ್ಮ ಕಡೆ ತಿರುಗಿದ ಕೋವೀಲಿ ಜೀವ ಇರಲಿಲ್ಲ. ಅದು ಬರೀ...”

ಗುರುತು ಎಂಬ ಮಾತು ಬಾಯಿಗೆ ಬಂತು. ಬಂದದ್ದು ಅಲ್ಲೇ ನಿಂತಿತು. ಅವಳು ಹೋಗಿ ಸ್ಟೂಲಿನ ಮೇಲೆ ಕೂತಿದ್ದಳು. ಬೆನ್ನು ನೆಟ್ಟಗೆ, ಗಲ್ಲ ಮೇಲೆ, ಕಣ್ಣು ಮುಚ್ಚಿ.

“ಮಾತು ಬೇಡ. ಬಂದ ಕೆಲಸ ಮುಗಿಸು. ಮಗಳ ತಂಟೆಗೆ ಮಾತ್ರ ಹೋಗಬೇಡ. ನಾನು ಒಂದು ದಿನವೂ ತಪ್ಪಿಸಲಿಲ್ಲ, ನೀನೇ ನೋಡಿದೀಯ.”

ಪಕ್ಕದ ಕೋಣೆಯ ಮಕ್ಕಳು ನಕ್ಕರು. ಕೂದಲೆಳೆ ಅಲ್ಲೇ ನಿಂತಿದ್ದ. ನಾನಲ್ಲ ಎಂದು ಇನ್ನು ನೂರು ಸಲ ಹೇಳಿದರೂ ಇವಳು ನಾಳೆ ಮತ್ತೆ ಬಂದು ಇಲ್ಲೇ ಕೂರುತ್ತಾಳೆ, ಸಾಯುವ ತನಕ ಕೂರುತ್ತಾಳೆ. ಅದು ಅವನಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಹುಟ್ಟಿದಾರಭ್ಯ ಅಳತೆ ತಪ್ಪಿ ಒಂದು ಮಾತಾಡದ ಮನುಷ್ಯ, ಮಂಡಿ ನೋವನ್ನು ಲೆಕ್ಕಿಸದೆ ನೆಲದ ಮೇಲೆ ಕೂತ.

“ತಪ್ಪಾಯ್ತು,” ಅಂದ. “ಇಷ್ಟು ವರ್ಷ ನಿನ್ನ ಮೇಲೆ ಕೋವಿ ಹಿಡಿದದ್ದು ನಾನೇ. ತಪ್ಪಾಯ್ತು. ಇನ್ನು ಹಿಡಿಯಲ್ಲ. ಮಗಳ ಸುದ್ದಿಗೂ ಬರಲ್ಲ.”

ಅವಳು ಕಣ್ಣು ತೆರೆದಳು. ಎದ್ದು ಬಂದು, ಅವನ ಕೆನ್ನೆಗೆ ಒಂದು ಬಾರಿಸಿದಳು. ಇಸ್ತ್ರಿಪೆಟ್ಟಿಗೆ ಹಿಡಿದು ಪಳಗಿದ ಕೈ, ಕಿವಿಯೊಳಗೆ ಬಹಳ ಹೊತ್ತು ಗುಂಯ್ ಎನ್ನುತ್ತಿತ್ತು. ಆಮೇಲೆ ಅವನ ಅಂಗೈಯಿಂದ ಬೋಲ್ಟನ್ನು ಎತ್ತಿಕೊಂಡಳು.

“ಇದು ನನ್ನ ಹತ್ತಿರ ಇರಲಿ. ಇನ್ನು ಹೋಗು.”

ಅದು ಬೇರೆಯವರ ಸೊತ್ತು, ಆದರೂ ಅವಳ ಕೈಯಲ್ಲೇ ಬಿಟ್ಟ. ಇಳಿದು ಬಂದ.

ಮನೆಗೆ ಬಂದು ಮೊದಲು ಮಾಡಿದ ಕೆಲಸ ಕಿಟಕಿಗೆ ಹಲಗೆ ಹೊಡೆದದ್ದು. ಹೆಂಡತಿ ಕೆನ್ನೆಯ ಮೇಲಿನ ಬೆರಳಿನ ಗುರುತು ನೋಡಿ, ಎಲ್ಲ ಕೇಳಿ, ದೀಪ ಹಿಡಿದು ನಿಂತು ಮೊಳೆ ಕೊಟ್ಟಳು. ಕೂದಲೆಳೆಯಷ್ಟು ಸೊಟ್ಟಗಿದೆ ಎಂದು ಅವಳೂ ಹೇಳಲಿಲ್ಲ, ಅವನೂ ನೋಡಲಿಲ್ಲ. ಬೇಕರಿಯವನಿಗೆ ಬೋಲ್ಟು ಕಳೆದುಹೋಯಿತೆಂದ. ಮೂವತ್ತೆಂಟು ವರ್ಷದಲ್ಲಿ ಒಂದು ಸ್ಕ್ರೂ ಕಳೆಯದವನು! ಬೇಕರಿಯವನು ಬೀದಿಗೆಲ್ಲ ಡಂಗುರ ಹೊಡೆದ. ಗೋಡೆಗೆ ತೂಗುಹಾಕಿದ್ದ ಮಾವನ ಸ್ವಂತ ಕೋವಿ ಅದೇ ಕಾರ್ಖಾನೆಯದು. ಅದರ ಬೋಲ್ಟು ತೆಗೆದು, ಒಂದು ವಾರ ಉಜ್ಜಿ ಬೇಕರಿಯವನದಕ್ಕೆ ಹೊಂದಿಸಿಕೊಟ್ಟ. ಮಾವನ ಕೋವಿ ಅಂದಿನಿಂದ ಬರೀ ಕೊಳವೆಯಾಗಿ ಗೋಡೆಯಲ್ಲಿದೆ.

ಹೊಸ ಗುರುತನ್ನು ಹಿಂದಿನ ಕೋಣೆಯ ಪಕ್ಕಬಾಗಿಲಿಗೆ ಎದುರಾಗಿ, ಹಳ್ಳದ ತಗ್ಗಿನಲ್ಲಿ ನೆಟ್ಟ. ಹಿಂದೆ ಬರೀ ಮಣ್ಣಿನ ದಿಬ್ಬ, ಮುಂದೆ ಕಂಬಕ್ಕೆ ಹೊಡೆದ ತಗಡು. ಆದರೂ ಪ್ರತಿ ಸಲ ನಳಿಗೆಗೆ ಕಣ್ಣಿಡುವ ಮುಂಚೆ ತಾನೇ ಇಳಿದು ಹೋಗಿ, ತಗಡಿನ ಹಿಂದೆ ಒಂದು ಸುತ್ತು ಬಂದು, ದಿಬ್ಬದ ಮೇಲೆ ಹತ್ತಿ ನೋಡಿ ಬರುತ್ತಾನೆ. ತಗಡಿನ ಹಿಂದೆ ಏನು, ಎರಡನೇ ಸಂಸಾರ ಇಟ್ಟಿದ್ದೀಯಾ ಎಂದು ಬೇಕರಿಯವನು ಕೇಳುತ್ತಾನೆ.

ಐದು ವಾರ ಕಳೆದ ಮೇಲೆ ಅಂಗಡಿಗೆ ಮೂವತ್ತೈದರ ಒಬ್ಬ ಹೆಂಗಸು ಬಂದಳು. ಗಲ್ಲ ಎತ್ತಿ ನಿಲ್ಲುವ ಠೀವಿಯಿಂದಲೇ ಅವನಿಗೆ ಯಾರೆಂದು ತಿಳಿಯಿತು. ಹೆಂಡತಿ ಕುರ್ಚಿ ಎಳೆದು ಹಾಕಿದಳು.

“ಅಮ್ಮನ್ನ ನಮ್ಮೂರಿಗೆ ಕರ್ಕೊಂಡು ಹೋಗೋಕೆ ಬಂದಿದ್ದೀನಿ,” ಅಂದಳು. “ತಾನೇ ಫೋನ್ ಮಾಡಿ ಬಾ ಅಂದ್ಳು. ಮೊದಲನೇ ಸಲ. ಅಪ್ಪ ಬಂದು ತಪ್ಪಾಯ್ತು ಅಂದ, ಇನ್ನು ಭಯ ಇಲ್ಲ ಅಂದ್ಳು. ದಿಂಬಿನ ಕೆಳಗೆ ಒಂದು ಕಬ್ಬಿಣದ ತುಂಡಿದೆ, ಮುಟ್ಟೋಕೆ ಬಿಡಲ್ಲ.” ಕುರ್ಚಿಯ ಅಂಚಿನಲ್ಲಿ ಕೂತಳು. “ನಮ್ಮಪ್ಪ ಸತ್ತು ಇಪ್ಪತ್ತೆರಡು ವರ್ಷ ಆಯ್ತು. ಎಷ್ಟು ಸಲ ಹೇಳಿದೀನಿ. ನಿನ್ನೆ ತಾನೇ ನೋಡಿದೆ ಕಣೇ ಅಂತಿದ್ಳು. ಮನೆಯೊಡತಿ ನಿಮ್ಮನ್ನ ಕೇಳು ಅಂದ್ರು.”

ಕೂದಲೆಳೆ ಅವಳನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ವೈಸ್ ತೋರಿಸಿದ, ಹಲಗೆ ಹೊಡೆದ ಕಿಟಕಿ ತೋರಿಸಿದ. ಏನನ್ನೂ ಮುಚ್ಚಿಡದೆ ಹೇಳಿದ. ಅವಳು ವೈಸಿನ ದವಡೆಯ ಉಣ್ಣೆಯನ್ನು ಬೆರಳಿನಿಂದ ಸವರುತ್ತ ಕೇಳಿದಳು. ಹಲಗೆಯ ಸಂದಿಯಿಂದ ಒಂದು ಗೀರು ಬಿಸಿಲು ಅವಳ ಕೈಯ ಮೇಲೆ ಬಿದ್ದಿತ್ತು.

“ಹಾಗಾದ್ರೆ,” ಎಂದಳು ಕೊನೆಗೆ, “ಅಷ್ಟು ವರ್ಷವೂ ಅಲ್ಲಿ ಯಾರೂ ಇರಲಿಲ್ಲ.”

“ನಾನಿದ್ದೆನಲ್ಲ ತಾಯಿ,” ಅಂದ ಅವನು.

ಅವಳು ಅತ್ತಳು. ನಿಂತಲ್ಲೇ ಅತ್ತಳು. ಮದುವೆಯ ಸುದ್ದಿಯನ್ನಾಗಲಿ, ತಾಯಿಯಿಲ್ಲದೆ ಕಳೆದ ಬಾಲ್ಯವನ್ನಾಗಲಿ ಎತ್ತಲಿಲ್ಲ. ಎತ್ತಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಮುಖ ಒರೆಸಿಕೊಂಡು, “ಅಮ್ಮನಿಗೆ ಇದು ಗೊತ್ತಾಗೋದು ಬೇಡ. ಅವಳ ಪಾಲಿಗೆ ನೀವು ಅವನಾಗೇ ಇರಿ,” ಎಂದು ಹೇಳಿ ಹೊರಟಳು. ಅವನು ಆಗಲಿ ಎಂದು ತಲೆಯಾಡಿಸಿದ.

ಮರುದಿನ ಬೆಳಿಗ್ಗೆ ಬಾಡಿಗೆ ಕಾರೊಂದು, ಮೇಲೆ ಮೂರು ಹಾಸಿಗೆ ಕಟ್ಟಿಕೊಂಡು, ಅಂಗಡಿಯ ಮುಂದೆ ನಿಧಾನವಾಗಿ ಹಾದುಹೋಯಿತು. ಸೇತುವೆಯಿಂದ ನೇರ ದಾರಿ ಬೇರೆಯಿತ್ತು. ಈ ಬೀದಿಯಲ್ಲೇ ಹೋಗು ಎಂದು ಒಳಗಿದ್ದವಳು ಹೇಳಿರಬೇಕು. ಕೂದಲೆಳೆ ಬಾಗಿಲಲ್ಲಿ ಎರಡೂ ಕೈ ಬರಿದಾಗಿ ಕಾಣುವಂತೆ ಇಳಿಬಿಟ್ಟು ನಿಂತ. ಹಿಂದಿನ ಸೀಟಿನಲ್ಲಿ ಅವಳು ಬೆನ್ನು ನೆಟ್ಟಗಿಟ್ಟು ಕೂತಿದ್ದಳು, ಮಡಿಲಲ್ಲಿ ಬಟ್ಟೆಯಲ್ಲಿ ಸುತ್ತಿದ ಏನೋ ಇತ್ತು. ಅವನನ್ನು ನೋಡಿ ಗಲ್ಲ ಎತ್ತಿದಳು. ಕಾರು ತಿರುವು ದಾಟುವ ತನಕ ಅವನನ್ನೇ ನೋಡುತ್ತಿದ್ದಳು, ಕಣ್ಣು ಮುಚ್ಚಲಿಲ್ಲ.